ಎರಡೂ ಕಡೆ ಹೊಳೆದ ಹಲ್ಲು

ಮಂಗಳವಾರ ಬೆಳಿಗ್ಗೆ ಒಂಬತ್ತೂವರೆಗೆ ಠಾಣೆಯ ಮೆಟ್ಟಿಲು ಹತ್ತಿ ಬಂದ ಹೆಂಗಸು ಅಳುತ್ತಿರಲಿಲ್ಲ. ಅಳುವುದನ್ನೆಲ್ಲ ಆಸ್ಪತ್ರೆಯಲ್ಲೇ ಮುಗಿಸಿ ಬಂದವಳ ಹಾಗಿದ್ದಳು. ಹೊಲಿಗೆ ಕೆಲಸದಾಕೆ. ರವಿಕೆಯ ತೋಳಿಗೆ ಚುಚ್ಚಿಕೊಂಡಿದ್ದ ಸೂಜಿಯೊಂದು ಹಾಗೇ ಉಳಿದಿತ್ತು, ಅದರ ತುದಿಯಲ್ಲಿ ಒಂದು ಗೇಣು ನೀಲಿ ದಾರ. ಹಿಂದೆ ಅವಳ ಅಣ್ಣ, ಕೈಕಟ್ಟಿಕೊಂಡು, ಯಾರಾದರೂ ಸಿಕ್ಕರೆ ಬೈಯುವ ಹುರುಪಿನಲ್ಲಿ ನಿಂತಿದ್ದ.

ದಫೇದಾರರು ಕುರ್ಚಿ ತೋರಿಸಿದರು. "ಏನಮ್ಮಾ?"

"ನಮ್ಮನೆಯವರ ತಲೇನ ಎರಡು ಕಡೆ ಕೊಯ್ದಿದ್ದಾರೆ ಸಾರ್. ರಕ್ತ ಇದ್ದಿದ್ದು ಒಂದೇ ಕಡೆಯಂತೆ."

"ಈಗ ಹೇಗಿದ್ದಾರೆ?"

"ಹೋಗಿಬಿಟ್ರು."

ದಫೇದಾರರು ಪೆನ್ನು ಕೆಳಗಿಟ್ಟು ಒಳಗಿದ್ದ ಇನ್‌ಸ್ಪೆಕ್ಟರರನ್ನು ಕರೆದರು.

ನಡೆದದ್ದು ಇಷ್ಟು. ಅವಳ ಗಂಡ ಬಣ್ಣ ಬಳಿಯುವವ. ಹಿಂದಿನ ದಿನ ಬೆಳಿಗ್ಗೆ ಮೂರನೇ ಮಹಡಿಯ ಮೆಟ್ಟಿಲಿನ ಗೋಡೆಗೆ ಬಣ್ಣ ಹೊಡೆಯುವಾಗ ಏಣಿ ಜಾರಿ, ಮೆಟ್ಟಿಲ ಮೇಲೆ ಉರುಳಿಕೊಂಡು ಬಿದ್ದಿದ್ದ. ದೊಡ್ಡಾಸ್ಪತ್ರೆಗೆ ಹೊತ್ತು ತಂದರು. ಸಿ.ಟಿ. ಸ್ಕ್ಯಾನ್ ಮಾಡಿದರು. ತಲೆಯೊಳಗೆ ರಕ್ತ ಕಟ್ಟಿದೆ, ತಕ್ಷಣ ಆಪರೇಷನ್ ಆಗಬೇಕು ಎಂದರು. ಒಳಗೆ ಹೋದವನು ಮಧ್ಯಾಹ್ನ ಮೂರಕ್ಕೆ ಹೊರಗೆ ಬಂದಾಗ ತಲೆಯ ಎರಡೂ ಬದಿಗೆ ಹೊಲಿಗೆ ಇತ್ತು. ರಾತ್ರಿಯೇ ತೀರಿಕೊಂಡ.

"ರಕ್ತ ಎಡಗಡೆ ಇತ್ತು. ಡಾಕ್ಟರು ಮೊದಲು ಬಲಗಡೆ ತೆಗೆದಿದ್ದಾರೆ. ಆಮೇಲೆ ತಪ್ಪಾಯ್ತು ಅಂತ ಎಡಗಡೆ. ವಾರ್ಡಲ್ಲಿ ಎಲ್ಲರೂ ಮಾತಾಡ್ಕೊಂಡ್ರು, ನನಗೆ ಮಾತ್ರ ಯಾರೂ ನೇರವಾಗಿ ಹೇಳಲಿಲ್ಲ," ಎಂದಳು. ತೋಳಿನ ಸೂಜಿ ಮುಟ್ಟಿಕೊಂಡು, "ನಾನು ಬಟ್ಟೆ ಎಡವಟ್ಟು ಮಾಡಿದ್ರೆ ಬಿಚ್ಚಿ ಹೊಲೀತೀನಿ ಸಾರ್. ಇದನ್ನ ಯಾರು ಬಿಚ್ಚೋದು?" ಎಂದಳು.

ಹತ್ತು ಗಂಟೆಗೆ ಎಫ್‌ಐಆರ್ ಆಯಿತು. ನಿರ್ಲಕ್ಷ್ಯದಿಂದ ಸಾವು; ಆರೋಪಿ, ಆಪರೇಷನ್ ಮಾಡಿದ ಕಿರಿಯ ಸರ್ಜನ್, ಹೆಣ್ಣುಮಗಳು. ದಫೇದಾರರು ಶವಾಗಾರಕ್ಕೆ ಹೋಗಿ ಪಂಚರ ಮುಂದೆ ಶವ ಪಂಚನಾಮೆ ಮುಗಿಸಿದರು. ಅವರ ಪಂಚನಾಮೆ ಎಂದರೆ ಠಾಣೆಯಲ್ಲೊಂದು ತಮಾಷೆ. ಮಚ್ಚೆ, ಹಳೇ ಗಾಯ, ಉಗುರಿಗೆ ಅಂಟಿದ ಬಣ್ಣ, ಬಲ ಮೇಲ್ದವಡೆಯ ಹಲ್ಲಿಗೆ ಹಾಕಿದ ಲೋಹದ ಟೋಪಿ, ಒಂದನ್ನೂ ಬಿಡುವ ಆಸಾಮಿಯಲ್ಲ. "ಹೆಣ್ಣು ನೋಡೋಕೆ ಹೋದವರೂ ಇಷ್ಟು ನೋಡಲ್ಲ ಸಾರ್," ಎಂದು ಮಹಿಳಾ ಪೇದೆ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು. ಅವಳಿಗೆ ಠಾಣೆಯಲ್ಲಿ ಇಟ್ಟಿದ್ದ ಹೆಸರು ಪ್ರಶ್ನೆಪತ್ರಿಕೆ. ಕೇಳಿದ್ದನ್ನೇ ಬೇರೆ ಥರ ಕೇಳುವುದು ಅವಳ ಚಾಳಿ.

ಇನ್‌ಸ್ಪೆಕ್ಟರ್ ಅವಳನ್ನು ಕರೆದುಕೊಂಡು ಆಸ್ಪತ್ರೆಗೆ ಹೋದರು. ಮೊದಲು ಹೋದದ್ದು ಸ್ಕ್ಯಾನ್ ವಿಭಾಗಕ್ಕೆ. ಅಲ್ಲಿ ಅವರಿಗೆ ಒಬ್ಬರ ಪರಿಚಯವಿತ್ತು.

ಅವರನ್ನು ಎಲ್ಲರೂ ಸ್ಕ್ಯಾನ್ ಮೇಷ್ಟ್ರು ಎನ್ನುತ್ತಿದ್ದರು. ಶಾಲೆಯ ಮೇಷ್ಟ್ರಲ್ಲ. ಸಿ.ಟಿ. ಯಂತ್ರ ನಡೆಸುವ ತಂತ್ರಜ್ಞರು. ಆ ಊರಿಗೆ ಮೊದಲ ಯಂತ್ರ ಬಂದಾಗಿನಿಂದ ಇದ್ದವರು. ಸುತ್ತಮುತ್ತ ಈ ಕೆಲಸ ಮಾಡುವವರಲ್ಲಿ ಅರ್ಧ ಜನ ಅವರ ಕೈಯಲ್ಲೇ ಕಲಿತವರು. ಹೋದ ವರ್ಷ ಇನ್‌ಸ್ಪೆಕ್ಟರರ ತಾಯಿಗೆ ಸ್ಕ್ಯಾನ್ ಆಗಬೇಕಿತ್ತು. ಮುದುಕಿ ಯಂತ್ರದ ಬಾಯಿ ನೋಡಿ, "ನನ್ನನ್ನ ಒಲೆಗೆ ಹಾಕ್ತೀರಾ?" ಎಂದು ಹಠ ಹಿಡಿದಿದ್ದರು. ಮೇಷ್ಟ್ರು ಅವರ ಪಾದ ಹಿಡಿದುಕೊಂಡು, "ಅಮ್ಮಾ, ಇದು ಬಳೆ ಅಂದ್ಕೊಳ್ಳಿ. ಸ್ವಲ್ಪ ದೊಡ್ಡ ಬಳೆ. ಒಳಗೆ ಹೋಗಿ ಹೊರಗೆ ಬರೋದಷ್ಟೇ," ಎಂದಿದ್ದರು. ಮುದುಕಿ ಇವತ್ತಿಗೂ ಆ ಮಾತು ಹೇಳುತ್ತಾರೆ.

ದಪ್ಪನೆಯ ಸೀಸದ ಬಾಗಿಲು. ಒಳಗೆ ಮೈ ಕೊರೆಯುವ ಚಳಿ. ಗಾಜಿನ ಆ ಕಡೆ ಯಂತ್ರ, ಅದರ ಮುಂದೆ ಚಾಚಿಕೊಂಡ ಉದ್ದನೆಯ ಮಂಚ. ಈ ಕಡೆ ಎರಡು ಪರದೆ, ಒಂದು ಕುರ್ಚಿ, ಕುರ್ಚಿಯ ಬೆನ್ನಿಗೆ ತಗುಲಿಸಿದ ಮೇಷ್ಟ್ರ ಸ್ವೆಟರು.

"ಬನ್ನಿ ಸಾರ್. ಅಮ್ಮ ಹೇಗಿದ್ದಾರೆ?"

"ಚೆನ್ನಾಗಿದ್ದಾರೆ. ನಿಮ್ಮನ್ನ ಕೇಳ್ತಿರ್ತಾರೆ. ಮೇಷ್ಟ್ರೇ, ಆ ಬಣ್ಣದವನ ಚಿತ್ರ ತೋರಿಸಿ."

ಮೇಷ್ಟ್ರು ತೋರಿಸಿದರು. ಬೂದು ಬಣ್ಣದ ಮಿದುಳು, ಒಂದು ಅಂಚಿನಲ್ಲಿ ಬೆಳ್ಳಗೆ, ಕತ್ತರಿಸಿಟ್ಟ ಚಂದ್ರನ ಆಕಾರದ ತೇಪೆ.

"ಇದೇ ರಕ್ತ. ಎದುರಿಗೆ ನಿಂತವರನ್ನ ನೋಡಿದ ಹಾಗೆ ನೋಡ್ಬೇಕು. ಪರದೆಯ ಬಲಗಡೆ ಇರೋದು ರೋಗಿಯ ಎಡ. ಇಲ್ಲಿ ಎಡ ಅನ್ನೋ ಅಕ್ಷರಾನೂ ಇದೆ ನೋಡಿ."

"ಎಡಗಡೆ. ಅನುಮಾನ ಇಲ್ವಾ?"

"ಇಲ್ಲ."

"ಎಡ ಯಾವುದು ಬಲ ಯಾವುದು ಅಂತ ಬರೆಯೋದು ಯಾರು?" ಪ್ರಶ್ನೆಪತ್ರಿಕೆ ಕೇಳಿದಳು.

ಮೇಷ್ಟ್ರು ಅವಳ ಕಡೆ ತಿರುಗಲಿಲ್ಲ. "ಯಂತ್ರಕ್ಕೆ ಗೊತ್ತಿರುತ್ತಮ್ಮಾ," ಎಂದರು.

"ಆಪರೇಷನ್ ನಡೀವಾಗ ಡಾಕ್ಟರ್ ನಿಮ್ಮನ್ನ ಏನಾದ್ರೂ ಕೇಳಿದ್ರಾ?" ಇನ್‌ಸ್ಪೆಕ್ಟರ್ ಕೇಳಿದರು.

"ನಾನೇ ಫೋನ್ ಮಾಡ್ದೆ. ಬಲಗಡೆ ತೆಗೆದಿದ್ದಾರೆ ಅಂತ ಯಾರೋ ಹೇಳಿದ್ರು. ಚಿತ್ರ ಎಡಗಡೆ ಇದೆಯಲ್ಲ, ನೋಡಿ ಅಂದೆ."

"ಒಂದೇ ಫೋನಾ?"

"ಒಂದೇ."

ಚಿತ್ರಗಳ ಸಿ.ಡಿ.ಯನ್ನು ಪಂಚರ ಮುಂದೆ ಜಪ್ತಿ ಮಾಡಿ, ಲಕೋಟೆಗೆ ಹಾಕಿ, ಅರಗು ಒತ್ತಿ ಸಹಿ ತೆಗೆದುಕೊಂಡರು. ಇನ್‌ಸ್ಪೆಕ್ಟರರಿಗೆ ಕೆಲಸ ಸಲೀಸಾಗಿ ಆಯಿತೆನಿಸಿತು.

ಸರ್ಜನ್ ಇದ್ದದ್ದು ಮೇಲಿನ ಮಹಡಿಯ ಚಿಕ್ಕ ಕೋಣೆಯಲ್ಲಿ. ಇನ್ನೂ ಮೂವತ್ತು ದಾಟದ ಹುಡುಗಿ. ಮೇಜಿನ ಮೇಲಿನ ಊಟದ ಡಬ್ಬಿಯ ಮುಚ್ಚಳ ತೆಗೆದಿರಲಿಲ್ಲ. ಇನ್‌ಸ್ಪೆಕ್ಟರ್ ಜೋರು ಮಾಡಲು ಅಣಿಯಾಗಿ ಹೋಗಿದ್ದರು. ಅದರ ಅಗತ್ಯವೇ ಬೀಳಲಿಲ್ಲ.

"ನಾನೇ ತಪ್ಪು ನೋಡಿದ್ದು," ಎಂದಳು.

"ಏನು ನೋಡಿದ್ರಿ?"

"ಬಲಗಡೆ ಅಂತ ನೋಡ್ದೆ. ಎರಡು ಸಲ ನೋಡಿದ್ದು ನೆನಪಿದೆ. ತಲೆಗೆ ಎರಡೂ ಕಡೆ ಏಟು ಬಿದ್ದು ಊದಿತ್ತು, ಹಾಗಾಗಿ ಹೊರಗಿಂದ ಗೊತ್ತಾಗ್ತಿರಲಿಲ್ಲ. ಚಿತ್ರ ನಂಬಿದೆ. ತೆಗೆದಾಗ ರಕ್ತ ಇರಲಿಲ್ಲ. ಆಮೇಲೆ ಮತ್ತೆ ಪರದೆ ನೋಡಿದ್ರೆ..." ಅವಳು ಮಾತು ಹುಡುಕಿದಳು. "ಎಡಗಡೆ ಇತ್ತು. ಅದೇ ಹೆಸರು, ಅದೇ ತಲೆ. ನನ್ನ ಕಣ್ಣೇ ನನಗೆ ಸುಳ್ಳು ಹೇಳಿದೆ."

ಹೇಳಿಕೆ ಬರೆಸುವಾಗ 'ಎಡ' ಎನ್ನುವ ಮೊದಲು ಪ್ರತಿ ಸಲವೂ ಅವಳು ತನ್ನ ಕೈಗಡಿಯಾರ ಮುಟ್ಟಿ ನೋಡಿಕೊಳ್ಳುತ್ತಿದ್ದುದನ್ನು ಪ್ರಶ್ನೆಪತ್ರಿಕೆ ಗಮನಿಸಿದಳು. ಇನ್‌ಸ್ಪೆಕ್ಟರರೂ ಗಮನಿಸಿದರು. ಎಡ ಬಲ ತಿಳಿಯದವಳು ಎಂದುಕೊಂಡರು, ಅಷ್ಟೆ.

ಅವಳನ್ನು ಬಂಧಿಸಿ ಕರೆತರುವಾಗ ಆಸ್ಪತ್ರೆಯ ಮುಂಬಾಗಿಲಲ್ಲಿ ಜನ ಸೇರಿದ್ದರು. ಹೊಲಿಗೆಯಾಕೆಯ ಅಣ್ಣ ಅಲ್ಲೇ ಇದ್ದ. ಫೋನು ಮೇಲೆತ್ತಿ ಹಿಡಿದವರಿದ್ದರು. ಇನ್‌ಸ್ಪೆಕ್ಟರರಿಗೆ ಅದೇನಾಯಿತೋ, ಜೀಪಿನ ಬಾಗಿಲು ತೆಗೆಯುತ್ತಾ ಎಲ್ಲರಿಗೂ ಕೇಳಿಸುವ ಹಾಗೆ, "ಎಡಗೈ ಬಲಗೈ ಗೊತ್ತಿಲ್ಲದವರಿಗೆಲ್ಲ ಬ್ಲೇಡ್ ಕೊಟ್ಟು ಕೂರಿಸಿದ್ದಾರೆ. ಹತ್ತಮ್ಮಾ, ಜೀಪಿನ ಬಾಗಿಲು ಈ ಕಡೆ ಇದೆ," ಎಂದುಬಿಟ್ಟರು. ಜನ ನಕ್ಕರು. ಆ ನಗು ಕಿವಿಗೆ ಹಿತವಾಗಿತ್ತು. ಅವಳು ತಲೆಯೆತ್ತದೆ ಹತ್ತಿ ಕೂತಳು. ಮೇಲೆ ಸ್ಕ್ಯಾನ್ ವಿಭಾಗದ ಕಿಟಕಿಯಲ್ಲಿ ಯಾರೋ ನಿಂತಿದ್ದರು. ಜೀಪು ಹೊರಟಾಗ ಪರದೆ ಬಿತ್ತು.

ಸಂಜೆಗೆ ಅವಳಿಗೆ ಜಾಮೀನಾಯಿತು. ಆಸ್ಪತ್ರೆ ಅಮಾನತು ಮಾಡಿತು. ತಪ್ಪೊಪ್ಪಿಗೆ ಇತ್ತು, ಚಿತ್ರ ಇತ್ತು, ಮರುದಿನ ಬಂದ ಸ್ಕ್ಯಾನ್ ವರದಿಯಲ್ಲೂ ಎಡಗಡೆ ಎಂದೇ ಇತ್ತು. ಪ್ರಕರಣ ಅಲ್ಲಿಗೇ ಮುಗಿಯಬೇಕಿತ್ತು.

ಗುರುವಾರ ಮಧ್ಯಾಹ್ನ, ಸಿ.ಡಿ.ಯನ್ನು ತಜ್ಞರಿಗೆ ಕಳಿಸುವ ಮೊದಲು ಅದರಲ್ಲಿ ಏನೇನಿದೆ ಎಂದು ಬರೆದಿಡಬೇಕಿತ್ತು. ಲಕೋಟೆ ಒಡೆದು, ಪ್ರಶ್ನೆಪತ್ರಿಕೆ ಠಾಣೆಯ ಹಳೇ ಕಂಪ್ಯೂಟರಿನಲ್ಲಿ ಹಾಕಿ, ಮೌಸಿನ ಗಾಲಿ ತಿರುಗಿಸುತ್ತಾ ತಲೆಯನ್ನು ಮೇಲಿನಿಂದ ಕೆಳಕ್ಕೆ ಹೋಳು ಹೋಳಾಗಿ ನೋಡುತ್ತಿದ್ದಳು. ದವಡೆಯ ಹತ್ತಿರ ಬಂದಾಗ ಒಂದು ಚುಕ್ಕೆಯಿಂದ ಬಿಳಿ ಗೆರೆಗಳು ಸುತ್ತಲೂ ಸಿಡಿದಿದ್ದವು.

"ಸಾರ್, ಇದೇನು ನಕ್ಷತ್ರ?"

"ಏನೋ ಲೋಹ ಇರ್ಬೇಕು," ಇನ್‌ಸ್ಪೆಕ್ಟರ್ ಕಡತದಿಂದ ತಲೆಯೆತ್ತಲಿಲ್ಲ.

ದಫೇದಾರರು ಬಂದು ಬಗ್ಗಿ ನೋಡಿದರು. "ಹಲ್ಲಿನ ಟೋಪಿ. ಬಲ ಮೇಲ್ದವಡೆ. ಬರೆದಿದ್ದೀನಲ್ಲ! ಆಗ ನಕ್ಕೆಯಲ್ಲ, ಈಗ ನೋಡು."

"ನೋಡ್ದೆ ಬಿಡಿ ಅಣ್ಣಾ. ಸರಿ, ಬಲಗಡೆ ಅಂದ್ರೆ ಪರದೆಯ ಎಡಕ್ಕೆ. ಇಲ್ಲಿದೆ, ಒಪ್ಪಿದೆ." ಅವಳು ಮುಂದಿನ ಚಿತ್ರ ತೆಗೆದಳು. ಅದು ಕುತ್ತಿಗೆ. ಬಿದ್ದವರಿಗೆ ಕುತ್ತಿಗೆಯ ಮೂಳೆಯನ್ನೂ ಒಂದೇ ಸಲಕ್ಕೆ ನೋಡಿಬಿಡುತ್ತಾರೆ. ಆ ಚಿತ್ರ ಮೇಲ್ದವಡೆಯಿಂದಲೇ ಶುರುವಾಗುತ್ತಿತ್ತು. "ಹಾಗಾದ್ರೆ ಇದ್ಯಾವ ಹಲ್ಲು ಸಾರ್? ಇದು ಆ ಕಡೆಗಿದೆ."

ಇನ್‌ಸ್ಪೆಕ್ಟರ್ ಎದ್ದು ಬಂದರು. ಅದೇ ನಕ್ಷತ್ರ, ಅದೇ ಗೆರೆಗಳು, ಈ ಸಲ ಪರದೆಯ ಬಲಕ್ಕೆ.

"ಎರಡು ಹಲ್ಲಿಗೆ ಟೋಪಿ ಇರಬಹುದು."

"ಒಂದೇ," ದಫೇದಾರರು ಎಂದರು. "ಬಾಯಿ ತೆಗೆದು ನೋಡಿದ್ದೀನಿ. ಪಂಚರಿಗೂ ತೋರಿಸಿದ್ದೀನಿ."

"ಹೆಂಡ್ತಿಗೆ ಫೋನ್ ಮಾಡು."

ಹೊಲಿಗೆಯಾಕೆ ಆ ಕಡೆಯಿಂದ, "ಬಲಗಡೆ ಸಾರ್, ಒಂದೇ. ನಕ್ಕಾಗ ಕಾಣುತ್ತೆ ಅಂತ ನಗೋದನ್ನೇ ಕಮ್ಮಿ ಮಾಡ್ಕೊಂಡಿದ್ರು," ಎಂದಳು.

ಇನ್‌ಸ್ಪೆಕ್ಟರ್ ಆ ಎರಡು ಚಿತ್ರಗಳನ್ನು ಬಹಳ ಹೊತ್ತು ನೋಡಿದರು. ಒಬ್ಬನೇ ಮನುಷ್ಯ, ಒಂದೇ ಮಂಚ, ಒಂದೇ ಸಲ ಮಲಗಿಸಿ ತೆಗೆದದ್ದು. ಹಲ್ಲೊಂದು ಈ ಕಡೆಯಿಂದ ಆ ಕಡೆಗೆ ಹೋಗಿ ಕೂರಲು ಅದೇನು ನೊಣವೇ?

ಶುಕ್ರವಾರ ಬೆಳಿಗ್ಗೆ ಸಿ.ಡಿ. ಹಿಡಿದು ಬೇರೊಂದು ಆಸ್ಪತ್ರೆಗೆ ಹೋದರು. ಅಲ್ಲಿ ಸ್ಕ್ಯಾನ್ ಓದುವ ಹಿರಿಯ ಡಾಕ್ಟರು ಕನ್ನಡಕ ಹಣೆಗೇರಿಸಿ ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿದರು.

"ಎರಡೂ ನಿಜ ಆಗೋಕೆ ಸಾಧ್ಯ ಇಲ್ಲ," ಎಂದರು.

"ಯಂತ್ರಕ್ಕೆ ಎಡ ಬಲ ಗೊತ್ತಿರುತ್ತಂತಲ್ಲ?"

"ಯಾರು ಹೇಳಿದ್ದು?"

ಇನ್‌ಸ್ಪೆಕ್ಟರ್ ಕುರ್ಚಿಯನ್ನು ಪರದೆಯ ಹತ್ತಿರಕ್ಕೆ ಎಳೆದುಕೊಂಡರು.

"ಯಂತ್ರಕ್ಕೆ ಏನೂ ಗೊತ್ತಿರಲ್ಲ. ರೋಗಿ ತಲೆ ಮುಂದಾಗಿ ಒಳಗೆ ಹೋಗ್ತಿದ್ದಾನೋ ಕಾಲು ಮುಂದಾಗೋ, ಅಂಗಾತ ಮಲಗಿದ್ದಾನೋ ಬೋರಲೋ, ಇದನ್ನ ನಡೆಸೋರು ಒತ್ತಿ ಹೇಳ್ಬೇಕು. ತಲೆ ಮುಂದಾಗಿ ಮಲಗಿಸಿ ಕಾಲು ಮುಂದೆ ಅಂತ ಒತ್ತಿದ್ರೆ ಎಡ ಬಲ ಆಗುತ್ತೆ, ಬಲ ಎಡ ಆಗುತ್ತೆ. ಅಕ್ಷರಾನೂ ಹಾಗೇ ಬೀಳುತ್ತೆ. ನೋಡೋರಿಗೆ ಒಂದು ಚೂರೂ ಗೊತ್ತಾಗಲ್ಲ."

"ಇಲ್ಲಿ ಯಾವುದು ಸರಿ?"

"ಹಲ್ಲು ಬಲಗಡೆ ಅಂತೀರಿ. ಹಾಗಾದ್ರೆ ತಲೆ ಸರಿ ಇದೆ, ಕುತ್ತಿಗೆ ತಿರುಗಿದೆ. ಆದ್ರೆ ಎರಡೂ ಒಂದೇ ಸಲ ತೆಗೆದಿದ್ದು. ತೆಗೆದಾಗ ಎರಡೂ ತಿರುಗೇ ಇರ್ಬೇಕು." ಡಾಕ್ಟರು ಕನ್ನಡಕ ಇಳಿಸಿದರು. "ಆಮೇಲೆ ಯಾರೋ ತಲೇನ ಮಾತ್ರ ಸರಿ ಮಾಡಿದ್ದಾರೆ. ಕುತ್ತಿಗೆ ಮರೆತಿದ್ದಾರೆ."

"ಅಂದ್ರೆ ಆ ಸರ್ಜನ್ ಮೊದಲು ನೋಡಿದಾಗ..."

"ಬಲಗಡೆನೇ ನೋಡಿರ್ತಾರೆ. ನಾನಿದ್ರೂ ಬಲಗಡೆನೇ ಕೊಯ್ತಿದ್ದೆ."

ಜೀಪಿನಲ್ಲಿ ವಾಪಸ್ಸಾಗುವಾಗ, ಆಸ್ಪತ್ರೆಯ ಬಾಗಿಲಲ್ಲಿ ತಾವು ಆಡಿದ್ದ ಮಾತು, ಅದಕ್ಕೆ ಬಿದ್ದ ನಗು, ಎರಡೂ ಇನ್‌ಸ್ಪೆಕ್ಟರರ ಕಿವಿಯೊಳಗೆ ಹೊಕ್ಕು ಕೂತಿದ್ದವು. ಆ ವಿಡಿಯೋವನ್ನು ಮನೆಯಲ್ಲಿ ಮಗ ತೋರಿಸಿ, "ಅಪ್ಪಾ, ಸಕತ್ತಾಗಿ ಹೇಳಿದ್ದೀರಾ," ಎಂದಿದ್ದ.

ಯಂತ್ರದ ಕಂಪನಿಯ ಎಂಜಿನಿಯರನ್ನು ಕರೆಸಿದರು. ತಲೆಯ ಚಿತ್ರ ಆಪರೇಷನ್ ಥಿಯೇಟರಿಗೆ ಎರಡು ಸಲ ಹೋಗಿದೆ ಎಂದು ಅವನು ಹೇಳಿದ. ಮೊದಲ ಸಲ ಹನ್ನೊಂದು ಹತ್ತಕ್ಕೆ. ಎರಡನೇ ಸಲ ಹನ್ನೆರಡು ಇಪ್ಪತ್ತೈದಕ್ಕೆ, ದಿಕ್ಕು ಬದಲಿಸಿ. ಮೊದಲು ಹೋದದ್ದನ್ನು ಅಳಿಸಿದ್ದಾರೆ. ಆ ಹೊತ್ತಿನಲ್ಲಿ ಯಂತ್ರದ ಮುಂದೆ ಇದ್ದವರು ಒಬ್ಬರೇ.

ಥಿಯೇಟರಿನ ನರ್ಸಮ್ಮನನ್ನು ಕೇಳಿದರು.

"ಸ್ಕ್ಯಾನ್ ರೂಮಿಂದ ಫೋನ್ ಬಂತಾ?"

"ಬಂತು."

"ಅದಕ್ಕೆ ಮುಂಚೆ?"

"ಅದಕ್ಕೆ ಮುಂಚೆ ನಾನೇ ಮಾಡಿದ್ದೆ ಸಾರ್. ಬಲಗಡೆ ತೆಗೆದಾಗ ಏನೂ ಸಿಗಲಿಲ್ಲ. ಡಾಕ್ಟರಮ್ಮ ಗಾಬರಿಯಾಗಿ, ಗುರುಗಳನ್ನ ಒಂದ್ಸಲ ಕೇಳಿ ಸಿಸ್ಟರ್ ಅಂದ್ರು. ಹನ್ನೆರಡು ದಾಟಿತ್ತು ಅಷ್ಟೆ. ಮೇಷ್ಟ್ರೇ ಎತ್ಕೊಂಡ್ರು. ನೋಡಿ ಹೇಳ್ತೀನಿ ಅಂತ ಇಟ್ಬಿಟ್ರು."

"ಆಮೇಲೆ?"

"ಕಾಯ್ತಾ ನಿಂತ್ವಿ. ತಲೆ ತೆರೆದೇ ಇತ್ತು. ಹನ್ನೆರಡೂವರೆ ಹೊತ್ತಿಗೆ ಅವರೇ ಮಾಡಿದ್ರು. ಚಿತ್ರದಲ್ಲಿ ಎಡಗಡೆ ಸ್ಪಷ್ಟವಾಗಿದೆ, ನೀವು ಏನು ನೋಡಿದ್ರಿ ಅಂತ ಕೇಳಿದ್ರು."

"ಗುರುಗಳು ಅಂದ್ರಿ. ಮೇಷ್ಟ್ರನ್ನಾ?"

"ಡಾಕ್ಟರಮ್ಮ ಹಾಗೇ ಕರೆಯೋದು. ಹೊಸದಾಗಿ ಬಂದಾಗ ಸ್ಕ್ಯಾನ್ ನೋಡೋಕೆ ಅವರ ಹತ್ರನೇ ಕೂರ್ತಿದ್ರು."

ಇನ್‌ಸ್ಪೆಕ್ಟರ್ ಸ್ಕ್ಯಾನ್ ಕೋಣೆಗೆ ಹೋದಾಗ ಸಂಜೆ ನಾಲ್ಕು. ಮೇಷ್ಟ್ರು ಹೊಟ್ಟೆನೋವಿನ ಹುಡುಗಿಯೊಬ್ಬಳನ್ನು ಮಂಚದ ಮೇಲೆ ಮಲಗಿಸುತ್ತಿದ್ದರು. ಅವಳ ತಲೆಯ ಮೇಲೆ ಕೈಯಿಟ್ಟು, ಗಟ್ಟಿಯಾಗಿ, "ತಲೆ ಮುಂದೆ, ಅಂಗಾತ," ಎಂದರು. ಕಲಿಯಲು ಬಂದವರೆಲ್ಲ ಅದನ್ನು ಅಣಕಿಸುತ್ತಾರೆಂದು, ಮೇಷ್ಟ್ರ ಮಂತ್ರ ಎನ್ನುತ್ತಾರೆಂದು ನರ್ಸಮ್ಮ ಹೇಳಿದ್ದಳು. ಕೈ ಮುಟ್ಟಬೇಕು, ಬಾಯಲ್ಲಿ ಹೇಳಬೇಕು, ಆಮೇಲೆ ಒತ್ತಬೇಕು. ಅದು ಅವರು ಕಲಿಸುತ್ತಿದ್ದ ಮೊದಲ ಪಾಠ.

ಹುಡುಗಿಯನ್ನು ಕಳಿಸುವವರೆಗೆ ಇನ್‌ಸ್ಪೆಕ್ಟರ್ ಕಾದರು. ಪ್ರಶ್ನೆಪತ್ರಿಕೆ ಬಾಗಿಲು ಹಾಕಿದಳು.

"ಮೇಷ್ಟ್ರೇ, ಯಂತ್ರಕ್ಕೆ ಎಡ ಬಲ ಗೊತ್ತಿರುತ್ತಾ?"

ಮೇಷ್ಟ್ರು ಕುರ್ಚಿಯ ಬೆನ್ನಿನ ಸ್ವೆಟರು ತೆಗೆದು ಮಡಿಚಿದರು. ಬಿಚ್ಚಿ ಮತ್ತೆ ಮಡಿಚಿದರು.

"ಇಲ್ಲ."

"ಗೊತ್ತಿರುತ್ತೆ ಅಂದ್ರಿ."

"ಅಂದೆ."

"ಒಂದೇ ಫೋನು ಅಂದ್ರಿ."

"ಅಂದೆ ಸಾರ್."

"ಏನಾಯ್ತು ಹೇಳಿ."

"ಅವತ್ತು ಬೆಳಿಗ್ಗೆ ಒಬ್ಬರದು ಕಾಲಿನ ಸ್ಕ್ಯಾನ್ ಇತ್ತು. ಕಾಲು ಮುಂದೆ ಕೊಟ್ಟಿದ್ದೆ. ಹಳೇ ಯಂತ್ರ, ಹಿಂದಿನವರಿಗೆ ಕೊಟ್ಟಿದ್ದನ್ನೇ ಹಿಡ್ಕೊಂಡಿರುತ್ತೆ, ನಾವೇ ಬದಲಾಯಿಸ್ಬೇಕು. ಅಷ್ಟರಲ್ಲಿ ಬಣ್ಣದವನನ್ನ ತಂದ್ರು."

"ತಲೆ ಮುಟ್ಟಿ ಹೇಳಲಿಲ್ವಾ?"

"ಇಲ್ಲ."

"ಯಾಕೆ?"

"ಅದೇ ಗೊತ್ತಾಗ್ತಿಲ್ಲ. ನಿದ್ದೆ ಕೆಟ್ಟಿರಲಿಲ್ಲ. ಅವಸರ ಇತ್ತು, ಆದ್ರೆ ಅವಸರ ಯಾವತ್ತು ಇರಲ್ಲ? ಸುಮ್ನೆ ಹೇಳಲಿಲ್ಲ ಸಾರ್. ಇಷ್ಟು ವರ್ಷದಲ್ಲಿ ಹೇಳದೇ ಇದ್ದಿದ್ದು ಅವತ್ತೊಂದೇ ಸಲ ಅಂತ ಹೇಳೋಕೂ ಈಗ ನನಗೆ ಧೈರ್ಯ ಇಲ್ಲ."

"ನರ್ಸ್ ಫೋನ್ ಮಾಡಿದಾಗ ಗೊತ್ತಾಯ್ತಾ?"

"ಫೋನ್ ಕಿವಿಲಿ ಇರುವಾಗಲೇ ಗೊತ್ತಾಯ್ತು. ಪರದೆ ಮೇಲೆ ಬರೆದಿತ್ತು, ಕಾಲು ಮುಂದೆ ಅಂತ."

"ಆಗ್ಲೇ ಹೇಳಬಹುದಿತ್ತಲ್ಲ. ಎಡಗಡೆ ತೆಗೀರಿ ಅಂತ."

ಮೇಷ್ಟ್ರು ಗಾಜಿನ ಆಚೆ ಖಾಲಿ ಮಂಚವನ್ನು ನೋಡಿದರು. "ಬಾಯಿಗೆ ಬಂದಿತ್ತು. ಆ ಕಡೆಯಿಂದ ಹುಡುಗಿ ಧ್ವನಿ ಕೇಳಿಸ್ತು. ಗುರುಗಳು ನೋಡಿದ್ರೆ ಹೇಳಿಬಿಡ್ತಾರೆ, ಕೇಳಿ ಕೇಳಿ ಅಂತಿದ್ಲು. ನನ್ನ ಮೇಲೆ ಅಷ್ಟು ಭರವಸೆ ಇಟ್ಟು ಕೇಳೋವಾಗ, ನನ್ನಿಂದಲೇ ಆಗಿದ್ದು ಅಂತ... ನಾಲಿಗೆ ಏಳಲಿಲ್ಲ ಸಾರ್. ಮೊದಲು ಸರಿ ಮಾಡ್ಬಿಡ್ತೀನಿ, ಆಮೇಲೆ ಎಡಗಡೆ ಅಂತ ಹೇಳಿದ್ರೆ ಯಾರಿಗೂ ಗೊತ್ತಾಗಲ್ಲ ಅಂದ್ಕೊಂಡೆ. ಎರಡು ನಿಮಿಷದ ಕೆಲಸ. ಗಾಬರಿಯಲ್ಲಿ ಎರಡು ಸಲ ತಪ್ಪು ಒತ್ತಿದೆ. ಹಳೇದು ಅಳಿಸಬೇಕು, ಹೊಸದು ಕಳಿಸಬೇಕು, ಅದು ಹೋಗ್ತಾನೇ ಇಲ್ಲ. ಕುತ್ತಿಗೆ ನೆನಪಿಗೇ ಬರಲಿಲ್ಲ."

"ಅಷ್ಟು ಹೊತ್ತು ಅವನ ತಲೆ ತೆರೆದಿತ್ತು."

"ಗೊತ್ತು."

"ಆಮೇಲೆ ಅವಳನ್ನೇ ಕೇಳಿದ್ರಿ, ಏನು ನೋಡಿದ್ರಿ ಅಂತ."

ಮೇಷ್ಟ್ರು ಮುಖ ಮುಚ್ಚಿಕೊಂಡರು. ಬೆರಳ ಸಂದಿನಿಂದ ಮಾತು ಬಂತು. "ಅವಳು ಮರುದಿನ ಇಲ್ಲಿಗೆ ಬಂದಿದ್ಲು. ಆ ಕುರ್ಚಿಲೇ ಕೂತ್ಕೊಂಡು, ಗುರುಗಳೇ, ನಾನು ಯಾಕೆ ಬಲಗಡೆ ನೋಡ್ದೆ ಅಂತ ಕೇಳಿದ್ಲು. ಸುಸ್ತಾಗಿರ್ಬೇಕಮ್ಮಾ ಅಂದೆ."

ಪ್ರಶ್ನೆಪತ್ರಿಕೆ ತಿರುಗಿ ಗೋಡೆ ನೋಡಿದಳು.

ಐದು ಗಂಟೆಗೆ ಬಂಧಿಸಿದರು. ನಿರ್ಲಕ್ಷ್ಯದ ಜೊತೆಗೆ ಸಾಕ್ಷ್ಯ ನಾಶ, ಸುಳ್ಳು ಸಾಕ್ಷ್ಯ ಸೃಷ್ಟಿ. ಬಂಧನದ ವಿಷಯ ಮನೆಯವರಿಗೆ ತಿಳಿಸಬೇಕೆಂದು ದಫೇದಾರರು ಹೆಂಡತಿಯ ನಂಬರು ಕೇಳಿದರು. ಮೇಷ್ಟ್ರು ಹೇಳಿದರು. ಹೇಳಿ, ದಫೇದಾರರ ಕೈ ಹಿಡಿದುಕೊಂಡರು.

"ಒಂದು ಉಪಕಾರ ಮಾಡಿ. ಕಳ್ಳತನ ಅಂತ ಹೇಳಿ."

"ಏನಂದ್ರಿ?"

"ಆಸ್ಪತ್ರೆದು ಏನೋ ಕದ್ದೆ ಅಂತ ಹೇಳಿ ಸಾರ್. ಕಳ್ಳತನ ಅಂದ್ರೆ ಅವಳು ನಂಬಲ್ಲ, ಯಾರೋ ಸಿಕ್ಕಿಸಿದ್ದಾರೆ ಅಂತಾಳೆ. ಇದಾದ್ರೆ ನಂಬ್ತಾಳೆ."

ದಫೇದಾರರು ಇನ್‌ಸ್ಪೆಕ್ಟರರ ಮುಖ ನೋಡಿದರು. ಇನ್‌ಸ್ಪೆಕ್ಟರ್ ಫೋನು ತೆಗೆದುಕೊಂಡು ಇದ್ದದ್ದನ್ನು ಇದ್ದ ಹಾಗೆಯೇ ತಿಳಿಸಿದರು. ಆ ಕಡೆಯವರು, "ಹೂಂ," ಎಂದಷ್ಟೇ ಅಂದು, ಫೋನು ಇಡುವುದನ್ನು ಮರೆತರು. ಹಿಂದೆ ಎಲ್ಲೋ ಕುಕ್ಕರ್ ಕೂಗುತ್ತಿತ್ತು.

ಆಮೇಲೆ ಹೊಲಿಗೆಯಾಕೆಯ ಮನೆ. ಅವಳು ಎಲ್ಲ ಕೇಳಿ, "ಆ ಅರ್ಧ ಗಂಟೆ ಮುಂಚೆ ಹೇಳಿದ್ರೆ ಉಳೀತಿದ್ರಾ?" ಎಂದಳು.

"ಹೇಳೋಕಾಗಲ್ಲ ಅಂತಾರಮ್ಮಾ. ಮರಣೋತ್ತರ ಪರೀಕ್ಷೆಯವರೂ ಇಷ್ಟೇ ಬರೆದಿದ್ದಾರೆ. ಉಳಿಯೋ ಸಾಧ್ಯತೆ ಇತ್ತು ಅಂತ."

"ಆ ಡಾಕ್ಟರಮ್ಮನಿಗೆ ನಾನು ಶಾಪ ಹಾಕಿದ್ದೆ," ಎಂದಳು. "ಮನೆ ಹಾಳಾಗ ಅಂತ. ಅದನ್ನ ಹೇಗೆ ವಾಪಸ್ ತಗೊಳ್ಳೋದು ಸಾರ್?"

ಸರ್ಜನ್ ಇದ್ದ ಬಾಡಿಗೆ ಮನೆ ಎರಡನೇ ಮಹಡಿಯಲ್ಲಿ. ಬಾಗಿಲನ್ನು ಅರ್ಧ ತೆರೆದು ನಿಂತು ಕೇಳಿದಳು. ಇನ್‌ಸ್ಪೆಕ್ಟರ್ ಹಲ್ಲಿನ ವಿಷಯ, ಎರಡನೇ ಸಲ ಹೋದ ಚಿತ್ರದ ವಿಷಯ, ಒಂದೊಂದಾಗಿ ಹೇಳಿದರು.

"ಹಾಗಾದ್ರೆ ನಾನು ನೋಡಿದ್ದು ಬಲಗಡೆನೇ?"

"ಬಲಗಡೆನೇ."

ಅವಳು ಬಾಗಿಲ ಚೌಕಟ್ಟು ಹಿಡಿದುಕೊಂಡಳು. "ಯಾಕೆ ಹೇಳಲಿಲ್ಲ ಅವರು? ಹೇಳಿದ್ರೆ ತಕ್ಷಣ ಆ ಕಡೆ ತೆಗೀತಿದ್ದೆ. ಏನೂ ಅಂತಿರಲಿಲ್ಲ ನಾನು. ತಪ್ಪು ಯಾರಿಗಾಗಲ್ಲ?"

"ನಾಚಿಕೆ," ಇನ್‌ಸ್ಪೆಕ್ಟರ್ ಎಂದರು. "ನಿಮ್ಮ ಮುಂದೆ."

"ನನ್ನ ಮುಂದಾ?"

"ಕಲಿಸಿದವರಲ್ಲ. ನಿಮ್ಮೆದುರು ಸಣ್ಣವರಾಗೋಕೆ ಅವರಿಗೆ ಆಗಲಿಲ್ಲ."

ಅವಳು ಅಳಲಿಲ್ಲ. ಹೊಸ ಹೇಳಿಕೆ ಕೊಡಲು ಯಾವಾಗ ಬರಬೇಕೆಂದು ಕೇಳಿದಳು, ಅವರು ಹೇಳಿದರು. ಅಮಾನತು ರದ್ದಾಗಿದೆ ಎಂದೂ ಹೇಳಿದರು. ಹೇಳಲು ಇನ್ನೊಂದು ಉಳಿದಿತ್ತು. ಅದು ಬಿಟ್ಟು ಮಿಕ್ಕಿದ್ದೆಲ್ಲ ಸರಾಗವಾಗಿ ಬಂತು. ಕೆಳಗಿಳಿದು ಜೀಪು ಶುರು ಮಾಡಿದರು, ಆರಿಸಿದರು, ಮತ್ತೆ ಎರಡು ಮಹಡಿ ಹತ್ತಿ ಬಂದು ಬಾಗಿಲು ತಟ್ಟಿದರು.

"ಅವತ್ತು ಆಸ್ಪತ್ರೆ ಬಾಗಿಲಲ್ಲಿ ನಾನು ಅಂದಿದ್ದು... ತಪ್ಪಾಯ್ತು."

ಅವಳು ಅವರನ್ನು ನೋಡಿದಳು. "ಅವತ್ತು ಅಷ್ಟು ಜನರ ಮುಂದೆ ಅಂದ್ರಿ ಸಾರ್. ಇವತ್ತು ಬಾಗಿಲ ಸಂದಿಲಿ ಹೇಳ್ತಿದ್ದೀರಿ."

ಕೋಪದಲ್ಲಿ ಅಂದ ಮಾತಲ್ಲ. ಇದ್ದದ್ದನ್ನು ಹೇಳಿದಳು. ಇನ್‌ಸ್ಪೆಕ್ಟರರ ಕಿವಿ ಕಾದವು. ಮೇಷ್ಟ್ರ ಕಿವಿಗೆ ಫೋನು ಅಂಟಿಕೊಂಡಿದ್ದ ಗಳಿಗೆ ಈಗ ತಮ್ಮ ಮೈಮೇಲೇ ಬಂದಂತಾಯಿತು.

"ನಾಳೆ ಡ್ಯೂಟಿಗೆ ಎಷ್ಟೊತ್ತಿಗೆ ಬರ್ತೀರಿ?"

"ಹತ್ತಕ್ಕೆ."

ಶನಿವಾರ ಇನ್‌ಸ್ಪೆಕ್ಟರ್ ಮುಂಚೆಯೇ ಬಂದು ಆಸ್ಪತ್ರೆಯ ಮುಂಬಾಗಿಲಲ್ಲಿ ನಿಂತರು. ಹೊರರೋಗಿಗಳ ಸಾಲು ಬೀದಿಯವರೆಗೆ ಇತ್ತು. ಪೊಲೀಸರನ್ನು ಕಂಡು ಜನ ನಿಂತರು, ನಿಂತವರನ್ನು ಕಂಡು ಇನ್ನಷ್ಟು ಜನ. ಒಬ್ಬಿಬ್ಬರು ಫೋನು ಮೇಲೆತ್ತಿದರು. ಅವಳು ಚೀಲ ಹೆಗಲಿಗೇರಿಸಿಕೊಂಡು ಮೆಟ್ಟಿಲು ಹತ್ತಿ ಬಂದಳು. ಇನ್‌ಸ್ಪೆಕ್ಟರ್ ಟೋಪಿ ತೆಗೆದರು. ತಪ್ಪಾಯ್ತು ಎಂದ ಮಾತು ಅವರ ಅಂಗಿಯ ಗುಂಡಿಯನ್ನೂ ದಾಟಲಿಲ್ಲ.

"ಏನಂದ್ರು?" ಸಾಲಿನ ಹಿಂದಿನಿಂದ ಯಾರೋ ಕೇಳಿದರು. "ಕೇಳಿಸ್ಲಿಲ್ಲ."

ಇನ್‌ಸ್ಪೆಕ್ಟರ್ ಇನ್ನೊಮ್ಮೆ, ಗಟ್ಟಿಯಾಗಿ ಹೇಳಿದರು.